ಹಾಲ್‌ನಲ್ಲಿ ಜಿಲೇಬಿ

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಅಕ್ವೇರಿಯಂ ನಮ್ಮ ಹಾಲ್‌ಗೆ ಬಂದು ವಾರವಾಗಿತ್ತು. ಮಂಡ್ಯದಿಂದ ಅಪ್ಪ ಬಂದರು. ಸುಮಾರು 250 ಲೀಟರ್ ನೀರು ಹಿಡಿಯುತ್ತೆ ಅಂತ ಜಂಬದಿಂದ ಹೇಳಿದೆ.

"ನಾಕು ಎಮ್ಮೆ ಕುಡೀಬೌದು" ಅಂದರು. ಆಮೇಲೆ ಕನ್ನಡಕ ಏರಿಸಿ ಮೀನು ನೋಡಿದರು. "ಇದೇನ್ಲಾ, ನಮ್ಮ ಕೆರೆ ಜಿಲೇಬಿ ಮರಿಗೆ ಬಣ್ಣ ಬಳ್ದು ಮಾರವ್ರೆ?"

ನನಗೆ ಉರಿದುಹೋಯಿತು. "ಅಪ್ಪಾ, ಇವು ಸಿಕ್ಲಿಡ್. ಆಫ್ರಿಕಾದ ಮಲಾವಿ ಸರೋವರದ್ದು" ಅಂದೆ. ರಾತ್ರಿ ಫೋನಿನಲ್ಲಿ ಹುಡುಕಿದರೆ, 1952ರಲ್ಲಿ ಭಾರತಕ್ಕೆ ತಂದು ಕೆರೆಗಳಿಗೆ ಬಿಟ್ಟ ತಿಲಾಪಿಯಾ ಅನ್ನೋ ಮೀನೇ ನಮ್ಮ ಜಿಲೇಬಿ. ಅದೂ ಸಿಕ್ಲಿಡ್ ಕುಟುಂಬದ್ದೇ. ಬೆಳಿಗ್ಗೆ ಅಪ್ಪನ ಮುಂದೆ ಈ ವಿಷಯ ಎತ್ತಲಿಲ್ಲ.

ಆ ಆಫ್ರಿಕಾ ಮೀನು ತಂದ ತಪ್ಪು ನನ್ನದೇ. ಅಂಗಡಿಯವನು "ಬೋರ್‌ವೆಲ್ ನೀರಾ ಸರ್? ಹಾಗಾದ್ರೆ ಕಣ್ಮುಚ್ಚಿ ಆಫ್ರಿಕನ್ ಹಾಕಿ" ಅಂದಿದ್ದ. ಇದು ನಿಜ. ನಮ್ಮ ಗೀಸರಿನ ಕಾಯಿಲ್ ತಿಂದುಹಾಕುವ, ತಲೆಕೂದಲು ಉದುರಿಸುತ್ತೆ ಅಂತ ನನ್ನ ಹೆಂಡತಿ ದಿನಾ ಬೈಯುವ ಆ ಗಡಸು ನೀರು ಮಲಾವಿಯ ಮೀನಿಗೆ ಅಮೃತ. ಆದರೆ ಅವನ ಎರಡನೇ ಮಾತು "ಎಲ್ಲಾ ಹೊಂದ್ಕೊಂಡು ಹೋಗ್ತವೆ" ಅಂತ. ಮದುವೆ ಬ್ರೋಕರ್‌ಗಳೂ ಹೀಗೇ ಹೇಳೋದು ಅಲ್ವಾ?

ಮೀನು ಬಿಡುವ ಮೊದಲು ಒಂದು ತಿಂಗಳಾದರೂ ಫಿಲ್ಟರ್ ಓಡಿಸಿ, ಮೀನಿನ ಕೊಳಕು ತಿನ್ನುವ ಬ್ಯಾಕ್ಟೀರಿಯಾ ಬೆಳೆಸಬೇಕಂತೆ. ನಾನು ಮಾರನೇ ದಿನವೇ ಬಿಟ್ಟಿದ್ದೆ. ಎರಡು ಹೋದವು. ಉಳಿದವು ಕೆಲಸ ಶುರುಮಾಡಿದವು. ಹೆಂಡತಿ ಆಸೆಯಿಂದ ನೆಟ್ಟ ಗಿಡಗಳೆಲ್ಲ ಬೆಳಗಾಗುವುದರಲ್ಲಿ ಬೇರು ಸಮೇತ ತೇಲುತ್ತಿದ್ದವು. ಆಮೇಲೆ ಮರಳು ತೋಡಿದವು. ಒಂದು ರಾತ್ರಿ ಎರಡು ಗಂಟೆಗೆ ಹಾಲ್‌ನಲ್ಲಿ 'ಠಣ್' ಅಂತ ಸದ್ದು. ಕಳ್ಳ ಅಂದುಕೊಂಡು ಲಟ್ಟಣಿಗೆ ಹಿಡಿದು ಓಡಿದೆ. ಮರಳು ತೋಡಿ ತೋಡಿ ಕಲ್ಲಿನ ರಾಶಿಯನ್ನೇ ಗಾಜಿನ ಮೇಲೆ ಉರುಳಿಸಿದ್ದವು. ಗಾಜು ಒಡೆದಿರಲಿಲ್ಲ. ಕತ್ತಲಲ್ಲಿ ಎಡವಿ ಒಡೆದದ್ದು ನನ್ನ ಕಾಲಿನ ಉಗುರು.

ಅವುಗಳಲ್ಲಿ ಒಂದು ಹಳದಿ ಮೈ, ಕಪ್ಪು ಪಟ್ಟೆಯ ಮರಿ. ಹೆಸರು ಆರಾಟಸ್. ನಾಜೂಕಾಗಿದೆ ಅಂತ ಹೆಂಡತಿ 'ಪುಟ್ಟಿ' ಅಂತ ಕರೆದಳು. ಕೆಲವು ತಿಂಗಳಲ್ಲಿ ಪುಟ್ಟಿ ಕಪ್ಪಾಗತೊಡಗಿತು. ರೋಗ ಅಂದುಕೊಂಡು ನೀಲಿ ಔಷಧಿ ಸುರಿದೆ. ನೀರು ನೀಲಿ, ನನ್ನ ಬಿಳಿ ಪಂಚೆ ನೀಲಿ. ಗಾಜಿನ ಮೂಲೆಗಳ ಸಿಲಿಕಾನ್ ಇವತ್ತಿಗೂ ನೀಲಿ. ಪುಟ್ಟಿ ಮಾತ್ರ ಕಪ್ಪೇ. ಆಮೇಲೆ ಗೊತ್ತಾಯಿತು, ಈ ಜಾತಿಯ ಗಂಡು ಯಜಮಾನಿಕೆ ಹಿಡಿದರೆ ಹಳದಿ ಬಿಟ್ಟು ಕಪ್ಪಾಗುತ್ತೆ. ಪುಟ್ಟಿ ಹೆಣ್ಣಲ್ಲ, ಕಾಯಿಲೆಯೂ ಇಲ್ಲ, ಏರಿಯಾ ರೌಡಿ! ಅಷ್ಟು ಹೊತ್ತಿಗೆ ಎರಡು ಮೀನಿನ ಬಾಲ ಹರಿದಿದ್ದ. ಹೆಸರು ಮಾತ್ರ ಹಾಗೇ ಉಳಿಯಿತು.

ದೀಪಾವಳಿಗೆ ಅಪ್ಪ ಮತ್ತೆ ಬಂದಾಗ ಇನ್ನೊಂದು ಗಾಬರಿ. ಅಚ್ಚ ಹಳದಿ ಮೀನೊಂದು ನಾಲ್ಕು ದಿನದಿಂದ ಏನೂ ತಿಂದಿರಲಿಲ್ಲ. ಮೂಲೆ ಸೇರಿತ್ತು. ದವಡೆ ಊದಿತ್ತು. ಪುಟ್ಟಿಯದೇ ಕೈವಾಡ ಅಂತ ನಾನು ಮತ್ತೆ ನೀಲಿ ಬಾಟಲಿ ತೆಗೆದೆ.

"ಮಡಗ್ಲಾ ಅತ್ಲಾಗೆ. ಬಾಯಲ್ಲಿ ಮೊಟ್ಟೆ ಮಡೀಕಂಡದೆ, ಎಂಗ್ ತಿಂದಾತು?" ಅಂದರು ಅಪ್ಪ.

ಚಿಕ್ಕಂದಿನಲ್ಲಿ ಗಾಳಕ್ಕೆ ಬಿದ್ದ ಜಿಲೇಬಿಯನ್ನು ಕೆರೆ ಏರಿ ಮೇಲೆ ಎಸೆದರೆ ಅದರ ಬಾಯಿಂದ ಮರಿಗಳು ಉದುರುತ್ತಿದ್ದವಂತೆ. ಫೋನು ನೋಡಿದೆ. ಅಪ್ಪ ಹೇಳಿದ್ದೇ ಸರಿ. ಸುಮಾರು ಮೂರು ವಾರ ತಾಯಿ ಹೀಗೇ ಮೊಟ್ಟೆ, ಮರಿಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸ ಇರುತ್ತೆ.

ಎರಡು ದಿನಕ್ಕೆ ಬಂದಿದ್ದ ಅಪ್ಪ ಆ ಮೂರು ವಾರವೂ ಉಳಿದರು. ತೊಟ್ಟಿ ಮುಂದೆ ಪ್ಲಾಸ್ಟಿಕ್ ಕುರ್ಚಿ. ಕಾಫಿ ಅಲ್ಲಿಗೇ, ಪೇಪರ್ ಅಲ್ಲಿಗೇ. ಸಂಜೆ ಸೀರಿಯಲ್ ಹಾಕಿದರೆ "ವಾಲ್ಯೂಮ್ ಕಮ್ಮಿ ಮಾಡವ್ವ, ಬಾಣಂತಿ ಅದೆ" ಅಂತ ಸೊಸೆಗೆ ತಾಕೀತು. ನಾನು ನೀರು ಬದಲಾಯಿಸಲು ಪೈಪಿಗೆ ಬಾಯಿಟ್ಟು ಎಳೆದು, ಸಿಕ್ಲಿಡ್ ಕಷಾಯ ಒಂದು ಗುಟುಕು ಕುಡಿದಾಗ ಮಾತ್ರ ಕುರ್ಚಿ ಬಿಟ್ಟು ಎದ್ದರು. ಕೂತು ನಗಲು ಆಗಲಿಲ್ಲವಂತೆ.

ಒಂದು ಬೆಳಿಗ್ಗೆ ಹದಿನೇಳು ಮರಿ ಎಣಿಸಿದೆವು. ಸಂಜೆಗೆ ಐದು. ಬಾಕಿ ಹನ್ನೆರಡು ಎಲ್ಲಿ ಹೋದವು ಅಂತ ಪುಟ್ಟಿಯ ಹೊಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. ಉಳಿದ ಐದು ಕಲ್ಲಿನ ಸಂದಿಯಲ್ಲಿ ಬದುಕಿಕೊಂಡವು.

ಊರಿಗೆ ಹೊರಡುವ ದಿನ ಅಪ್ಪ ಬ್ಯಾಗ್ ಹೆಗಲಿಗೇರಿಸಿ ತೊಟ್ಟಿ ಮುಂದೆ ತುಂಬಾ ಹೊತ್ತು ನಿಂತರು. ಕಣ್ಣು ಒದ್ದೆಯಾಯಿತೋ ಏನೋ ಅಂತ ನಾನು ಹತ್ತಿರ ಹೋದೆ.

"ಅಲ್ಲಾ ಕಣ್ಲಾ, ಈ ಪುಟ್ಟಿ ಬಲಿತ್ರೆ ಎಷ್ಟು ತೂಗ್‌ಬೌದು?"

"ಅಪ್ಪಾ, ಅದು ನಾಲ್ಕೈದು ಇಂಚಿಗಿಂತ ಜಾಸ್ತಿ ಬೆಳೆಯಲ್ಲ."

"ಸಾರ್‌ಗೆ ಸಾಲ್ದು ಬುಡು" ಅಂದು ಚಪ್ಪಲಿ ಹಾಕಿಕೊಂಡರು.