ಇ-3

ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದರೆ ಅದನ್ನು ಎರರ್ ಅನ್ನುತ್ತೇವೆ. ನಾನು ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕಿದರೆ ಅದೂ ಎರರ್. ಯಾವುದು ಎರರ್, ಯಾವುದು ಬರೀ ಗ್ರಹಚಾರ ಅಂತ ತೀರ್ಮಾನಿಸುವುದು ನನ್ನ ಹೆಂಡತಿ. ಬೇಸ್‌ಬಾಲ್ ಮೈದಾನದಲ್ಲಿ ಈ ಕೆಲಸಕ್ಕೆ ಅಂತಲೇ ಒಬ್ಬ ಅಫಿಶಿಯಲ್ ಸ್ಕೋರರ್ ಕೂತಿರುತ್ತಾರೆ. ಚೆಂಡು ಕೈತಪ್ಪಿದ್ದು ಫೀಲ್ಡರನ ತಪ್ಪೋ, ಹೊಡೆದವನ ಜಾಣತನವೋ ಅಂತ ಅವರು ಹೇಳಬೇಕು. ತಪ್ಪು ಅಂದರೆ ಮುಗಿಯಿತು, ಬೋರ್ಡಿನಲ್ಲಿ 'ಇ' ಅಕ್ಷರದ ಕೆಳಗೆ ಒಂದು ಅಂಕಿ ಏರುತ್ತದೆ. ರನ್, ಹಿಟ್, ಎರರ್ ಮೂರಕ್ಕೂ ಅಕ್ಕಪಕ್ಕದಲ್ಲೇ ಜಾಗ. ನಮ್ಮ ಕ್ರಿಕೆಟ್‌ನಲ್ಲಿ ಕ್ಯಾಚ್ ಬಿಟ್ಟವನನ್ನು ಬಾಯ್ತುಂಬ ಬೈಯುತ್ತೇವೆ, ಬೋರ್ಡಿನ ಮೇಲೆ ಹಾಕುವುದಿಲ್ಲ.

ನಾನು ಬಾಸ್ಟನ್ನಿಗೆ ಬಂದದ್ದು 1973ರಲ್ಲಿ. ಮರುವರ್ಷವೇ ಅತ್ತ ಕರ್ನಾಟಕ, ಸತತ ಹದಿನೈದು ವರ್ಷ ಗೆದ್ದು ಬೀಗಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಕೆಡವಿ ಮೊದಲ ಸಲ ರಣಜಿ ಟ್ರೋಫಿ ಎತ್ತಿತು. ನನಗೆ ಅದು ಗೊತ್ತಾದದ್ದು ಅಪ್ಪನ ಕಾಗದ ಬಂದಮೇಲೆ. ಗೆಲ್ಲುವ ತಂಡವನ್ನು ಊರಲ್ಲಿ ಬಿಟ್ಟು ಬಂದವನಿಗೆ ಇಲ್ಲಿ ಗಂಟುಬಿದ್ದದ್ದು ರೆಡ್ ಸಾಕ್ಸ್. 1918ರ ನಂತರ ಒಮ್ಮೆಯೂ ವರ್ಲ್ಡ್ ಸೀರೀಸ್ ಗೆಲ್ಲದ ಬೇಸ್‌ಬಾಲ್ ತಂಡ. ವರ್ಲ್ಡ್ ಸೀರೀಸ್ ಅಂದರೆ ಏಳರಲ್ಲಿ ನಾಲ್ಕು ಪಂದ್ಯ ಗೆಲ್ಲಬೇಕಾದ ವರ್ಷದ ಫೈನಲ್. ಬೇಬ್ ರೂತ್‌ನಂಥ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಮಾರಿದ ಶಾಪ ಅಂತ ಜನ ನಂಬಿದ್ದರು.

ಆಟ ಕಲಿಸಿದವರು ಕೆಳಗಿನ ಮನೆಯ ಯಜಮಾನರು. ಟ್ರಾಮ್ ಓಡಿಸುತ್ತಿದ್ದ ಐರಿಷ್ ಮನುಷ್ಯ. ಹುಟ್ಟಿದ್ದು 1919ರಲ್ಲಿ. 'ಒಂದೇ ಒಂದು ವರ್ಷ ತಡವಾಯಿತು ನೋಡು' ಅನ್ನುತ್ತಿದ್ದರು. ಅವರ ಅಡುಗೆಮನೆಯ ಮೇಜಿನ ಮೇಲೆ ರೇಡಿಯೋ, ಪಕ್ಕದಲ್ಲಿ ಚೌಕ ಚೌಕದ ಸ್ಕೋರ್ ಹಾಳೆ, ತರಕಾರಿ ಹೆಚ್ಚುವ ಚಾಕುವಿನಿಂದ ಕೆತ್ತಿದ ಪೆನ್ಸಿಲ್. ಚೆಂಡೆಸೆಯುವ ಪಿಚರ್ 1, ಅದನ್ನು ಹಿಡಿಯುವ ಕ್ಯಾಚರ್ 2, ಫಸ್ಟ್ ಬೇಸ್ ಕಾಯುವವನು 3, ಹೀಗೆ ಒಂಬತ್ತು ಜನಕ್ಕೂ ನಂಬರು. 6-4-3 ಅಂದರೆ ಶಾರ್ಟ್‌ಸ್ಟಾಪ್ ಹಿಡಿದು ಸೆಕೆಂಡ್ ಬೇಸ್‌ಗೆ ಎಸೆದ, ಅವನು ಫಸ್ಟ್ ಬೇಸ್‌ಗೆ ಎಸೆದ, ಇಬ್ಬರು ಔಟ್. ಹೊಡೆಯಬೇಕಾದ ಚೆಂಡನ್ನು ಬಿಟ್ಟರೆ ಸ್ಟ್ರೈಕ್, ಮೂರಾದರೆ ಔಟ್, ಹಾಳೆಯಲ್ಲಿ 'ಕೆ'. ಆ ಮೂರನೇ ಸ್ಟ್ರೈಕನ್ನು ಬ್ಯಾಟ್ ಬೀಸದೆ ಸುಮ್ನೆ ನೋಡುತ್ತ ನಿಂತು ಔಟಾದರೆ 'ಕೆ' ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಮೂರು ಗಂಟೆಯ ಆಟವೆಲ್ಲ ಒಂದೇ ಹಾಳೆಯಲ್ಲಿ. ಇಪ್ಪತ್ತು ವರ್ಷ ಬಿಟ್ಟು ತೆಗೆದರೂ ಪಂಚಾಂಗ ಓದಿದ ಹಾಗೆ ಓದಬಹುದು.

ಬೋರ್ಡಿಗೆ ಹತ್ತದ ತಪ್ಪುಗಳನ್ನೂ ಅವರೇ ಹೇಳಿದರು. 1945ರಲ್ಲಿ ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ರೆಡ್ ಸಾಕ್ಸ್‌ನ ಮೈದಾನವಾದ ಇದೇ ಫೆನ್‌ವೇ ಪಾರ್ಕಿಗೆ ಬಂದು ಆಡಿ ತೋರಿಸಿದ್ದರು. ರೆಡ್ ಸಾಕ್ಸ್ ತೆಗೆದುಕೊಳ್ಳಲಿಲ್ಲ. ಎರಡು ವರ್ಷಕ್ಕೆ ಅವರು ಬ್ರೂಕ್ಲಿನ್ ತಂಡ ಸೇರಿ ಅಮೆರಿಕದ ಚರಿತ್ರೆಯೇ ಆದರು. ಇಲ್ಲಿ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಮೈದಾನಕ್ಕಿಳಿದದ್ದು 1959ರಲ್ಲಿ, ಎಲ್ಲ ತಂಡಗಳಿಗಿಂತ ಕೊನೆಗೆ. ಇದು ಯಾವ ಕಾಲದ್ದೋ ಕಥೆ ಅಂದುಕೊಳ್ಳುವ ಹೊತ್ತಿಗೆ, 1974ರ ಸೆಪ್ಟೆಂಬರಿನಲ್ಲಿ, ಸೌತ್ ಬಾಸ್ಟನ್‌ನಲ್ಲಿ ಬಿಳಿಯರ ಶಾಲೆಗೆ ಬರುತ್ತಿದ್ದ ಕಪ್ಪು ಮಕ್ಕಳ ಬಸ್ಸಿಗೆ ಜನ ಕಲ್ಲೆಸೆದರು. ನಾನು ಆ ದಿನಗಳಲ್ಲಿ ಆಫೀಸಿನಿಂದ ಮನೆಗೆ ಸುತ್ತುಬಳಸಿ ಬರುತ್ತಿದ್ದೆ. ಆಟಗಾರ ಚೆಂಡು ಬಿಟ್ಟರೆ ಬರೆಯಲು ಕಾಲಂ ಇದೆ. ಮಾಲೀಕರಿಗೆ, ಊರಿಗೆ ಎಲ್ಲಿದೆ?

1986ರ ಅಕ್ಟೋಬರ್ 25. ವರ್ಲ್ಡ್ ಸೀರೀಸ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಆರನೇ ಪಂದ್ಯ, ಹತ್ತನೇ ಇನಿಂಗ್ಸ್, ನಾವು 5-3 ಮುಂದೆ. ಎದುರಾಳಿಯ ಇಬ್ಬರು ಔಟ್. ಇನ್ನೊಂದೇ ಸ್ಟ್ರೈಕ್ ಬೇಕು. ಅಲ್ಲಿಂದ ಒಂದೊಂದಾಗಿ ಕೈಬಿಟ್ಟು ಸ್ಕೋರು 5-5. ಆಮೇಲೆ ನಿಧಾನಕ್ಕೆ ಉರುಳಿ ಬಂದ ಚೆಂಡು ಫಸ್ಟ್ ಬೇಸ್‌ನಲ್ಲಿದ್ದ ಬಿಲ್ ಬಕ್ನರ್‌ನ ಕಾಲ ಸಂದಿಯಲ್ಲಿ ನುಸುಳಿಹೋಯಿತು. ಪುಸ್ತಕದ ಪ್ರಕಾರ ಇ-3. ಯಜಮಾನರು ಪೆನ್ಸಿಲ್ ಕೆಳಗಿಟ್ಟರು. ಆ ಚೌಕ ತುಂಬಲೇ ಇಲ್ಲ. 'ಬರೆಯಲ್ವಾ?' ಅಂದೆ. 'ಬರೆಯೋಕೆ ಊರೆಲ್ಲ ಇದೆ' ಅಂದರು.

ನಿಜವೇ. ಬಕ್ನರ್ ತಪ್ಪು ಮಾಡುವ ಮೊದಲೇ ಸ್ಕೋರು ಸಮನಾಗಿತ್ತು. ಏಳನೇ ಪಂದ್ಯವೂ ಬಾಕಿ ಇತ್ತು, ಅದನ್ನೂ ಸೋತೆವು. ಆದರೂ ಊರು ಬೈದದ್ದು ಅವನೊಬ್ಬನನ್ನೇ. 2,715 ಹಿಟ್ ಹೊಡೆದವನನ್ನು ಆ ಒಂದು ಚೆಂಡಿಗೆ ಕಟ್ಟಿಹಾಕಿದರು. 2008ರ ಏಪ್ರಿಲ್‌ನಲ್ಲಿ ಅವನನ್ನು ಫೆನ್‌ವೇಗೆ ಕರೆಸಿದಾಗ ಇಡೀ ಮೈದಾನ ಎದ್ದು ನಿಂತಿತು. ಅವನು ಕಣ್ಣೊರೆಸಿಕೊಂಡು ಆಟಕ್ಕೆ ಮುಂಚಿನ ಗೌರವದ ಚೆಂಡು ಎಸೆದ. ಟೀವಿ ಮುಂದೆ ಹುರುಳಿಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ, 'ಅಂತೂ ಇಪ್ಪತ್ತೆರಡು ವರ್ಷ ಬೇಕಾಯ್ತಾ ಇವರಿಗೆ' ಅಂದಳು. ನಮ್ಮ ಮನೆಯ ಸ್ಕೋರರ್ ಅಷ್ಟು ಕಟುಕಳಲ್ಲ, ಸಾರಿನ ತಪ್ಪು ಸಂಜೆಯೊಳಗೆ ವಜಾ.

ಅಷ್ಟರಲ್ಲಿ ಶಾಪವೂ ಕಳೆದಿತ್ತು ಅನ್ನಿ. 2004ರಲ್ಲಿ ಯಾಂಕೀಸ್ ಎದುರು ಮೂರು ಪಂದ್ಯ ಸೋತು, ಮುಂದಿನ ನಾಲ್ಕನ್ನೂ ಗೆದ್ದು ವರ್ಲ್ಡ್ ಸೀರೀಸ್‌ಗೆ ಹೋದರು. ಅಲ್ಲಿ ಮೊದಲೆರಡು ಪಂದ್ಯದಲ್ಲಿ ನಾಲ್ಕು ನಾಲ್ಕು ಎರರ್ ಮಾಡಿದರು, ಎರಡನ್ನೂ ಗೆದ್ದರು! ಕೊನೆಯ ಪಂದ್ಯದ ರಾತ್ರಿ, ಅಕ್ಟೋಬರ್ 27, ಪೂರ್ಣ ಚಂದ್ರಗ್ರಹಣ. ಹೆಂಡತಿ ಸಂಜೆಯೇ ಊಟ ಮುಗಿಸಿಸಿದ್ದಳು. ಆಟ ನೋಡುತ್ತ ಕುರುಕಲು ಒಂದು ಚಕ್ಕುಲಿಯೂ ಇಲ್ಲ. ಹೊರಗೆ ಚಂದ್ರ ತಾಮ್ರದ ತಟ್ಟೆಯಾಗಿದ್ದ. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇರುವಾಗ ಕೊನೆಯ ಚೆಂಡು ನೇರ ಪಿಚರನ ಕೈಗೇ ಬಂತು, ಅವನು ಮೆತ್ತಗೆ ಫಸ್ಟ್ ಬೇಸ್‌ಗೆ ಎಸೆದ. 1-3. ಎಂಬತ್ತಾರು ವರ್ಷದ ಶಾಪಕ್ಕೆ ಮೋಕ್ಷವಾಯಿತು. ಗ್ರಹಣದ ಮೋಕ್ಷಕ್ಕೆ ಇನ್ನೂ ಗಂಟೆಗಿಂತ ಜಾಸ್ತಿ ಇತ್ತು, ಸ್ನಾನ ಮಾಡದೆ ಹಾಸಿಗೆ ಮುಟ್ಟುವಂತಿಲ್ಲ. ಕಾದೆ.

ಯಜಮಾನರು 1998ರಲ್ಲೇ ಹೋಗಿದ್ದರು. ಬೆಳಿಗ್ಗೆ ಪೇಪರ್ ಹಿಡಿದು ಸ್ಮಶಾನಕ್ಕೆ ಹೋದರೆ ನನಗಿಂತ ಮುಂಚೆಯೇ ಬಂದವರಿದ್ದರು. ಅಪ್ಪನ, ಅಜ್ಜನ ಗೋರಿಗಳ ಮೇಲೆ ಟೋಪಿ, ಬಾವುಟ, ಆ ದಿನದ ಪೇಪರು. ನಾನು ಪೇಪರಿನ ಜೊತೆಗೆ ರಾತ್ರಿ ಬರೆದ ಸ್ಕೋರ್ ಹಾಳೆಯನ್ನೂ ಇಟ್ಟು, ಹಾರದಿರಲಿ ಅಂತ ಮೇಲೊಂದು ಕಲ್ಲಿಟ್ಟೆ. ಕಲ್ಲು ಸರಿಯಾಗಿ ಕೊನೆಯ ಚೌಕದ ಮೇಲೇ ಕೂತಿತ್ತು. ಎತ್ತಿ ಸ್ವಲ್ಪ ಪಕ್ಕಕ್ಕಿಟ್ಟೆ, 1-3 ಕಾಣುವ ಹಾಗೆ.