ಗಂಟಲು ನೋವಿಗೆ ‘ಒಂದು ಒಳ್ಳೇ ಮಾತ್ರೆ’

ಮೊನ್ನೆ ಮಗನಿಗೆ ಗಂಟಲು ನೋವು. ಎಂಜಲು ನುಂಗಿದರೂ ಮುಖ ಕಿವುಚುತ್ತಿದ್ದ. ಮೆಡಿಕಲ್‌ಗೆ ಹೋಗಿ "ಗಂಟಲಿಗೆ ಒಂದು ಒಳ್ಳೇ ಮಾತ್ರೆ ಕೊಡಿ" ಅಂದೆ. ಅಜಿತ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆಯ ಸ್ಟ್ರಿಪ್ ಕೌಂಟರ್ ಮೇಲೆ ಬಂತು. ಚೀಟಿ ಕೇಳಲಿಲ್ಲ. ಯಾರಿಗೆ ಅಂತಲೂ ಕೇಳಲಿಲ್ಲ. ಮಗನಿಗೆ ಒಂಬತ್ತು ವರ್ಷ!

ಅಂಗಡಿಯವನನ್ನು ಸುಮ್ನೆ ಬೈಯಲಾರೆ. ಕೇಳಿದ್ದು ನಾನೇ ಅಲ್ವಾ. ಕಳೆದ ವರ್ಷ ನಾನೂ ಇದನ್ನೇ ನುಂಗಿ, ಎರಡೇ ದಿನಕ್ಕೆ ವಾಸಿಯಾಯಿತು ಅಂತ ಊರಿಗೆಲ್ಲ ಹೇಳಿದ್ದೆ. ಹೆಚ್ಚಿನ ಗಂಟಲು ನೋವು ವೈರಸ್‌ನಿಂದ ಬರುತ್ತದೆ. ಆಂಟಿಬಯೋಟಿಕ್ ಅದನ್ನು ಮುಟ್ಟುವುದೇ ಇಲ್ಲ. ವಾರದೊಳಗೆ ತಾನೇ ಇಳಿಯುತ್ತದೆ. ನಾವು ನಾಲ್ಕನೇ ದಿನ ತಡೆಯಲಾರದೆ ಮಾತ್ರೆ ನುಂಗುತ್ತೇವೆ, ಹೆಸರು ಮಾತ್ರೆಗೆ ಹೋಗುತ್ತದೆ.

ಈ ಸಲ ಯಾಕೋ ಮನಸ್ಸು ಒಪ್ಪದೆ ಡಾಕ್ಟರ್ ಹತ್ತಿರ ಹೋದೆವು. ಬಾಯಿಗೆ ಟಾರ್ಚ್ ಬಿಟ್ಟು ನನಗೂ ತೋರಿಸಿದರು. ಕಿರುನಾಲಗೆಯ ಎರಡೂ ಪಕ್ಕ ಟಾನ್ಸಿಲ್ ಕೆಂಪಗೆ ಊದಿಕೊಂಡು, ಮೇಲೆ ಮೊಸರು ಸಿಡಿದ ಹಾಗೆ ಬಿಳಿ ಕೀವು. ದವಡೆಯ ಕೆಳಗೆ ಹುಣಸೆಬೀಜದಷ್ಟು ಗಂಟು, ಒತ್ತಿದರೆ ಕಿರುಚಿದ. ಜ್ವರ 102. "ಕೆಮ್ಮು, ನೆಗಡಿ?" ಏನೂ ಇಲ್ಲ ಅಂದೆ, ಒಳ್ಳೆಯ ಸುದ್ದಿ ಹೇಳುವವನ ಹಾಗೆ. ಅವರಿಗೆ ಅನುಮಾನ ಬಂದದ್ದೇ ಅದರಿಂದ. ಕೆಮ್ಮು, ಸೋರುವ ಮೂಗು, ಕಟ್ಟಿದ ಧ್ವನಿ ಇದ್ದರೆ ಸಾಮಾನ್ಯವಾಗಿ ವೈರಸ್. ಅವಿಲ್ಲದೆ ಜ್ವರ, ಕೀವು, ಗಂಟು ಒಟ್ಟಿಗೆ ಬಂದರೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು. 5ರಿಂದ 15 ವರ್ಷದ ಮಕ್ಕಳಿಗೆ ಇದು ಜಾಸ್ತಿ. ಗಂಟಲಿನ ಸ್ವಾಬ್ ಪರೀಕ್ಷೆಯಲ್ಲಿ ಅದೇ ಸಿಕ್ಕಿತು.

ಬರೆದುಕೊಟ್ಟದ್ದು ಪೆನಿಸಿಲಿನ್ ಜಾತಿಯದೇ ಆದ ಹಳೆಯ ಅಮಾಕ್ಸಿಸಿಲಿನ್, 10 ದಿನಕ್ಕೆ. ಈ ಬ್ಯಾಕ್ಟೀರಿಯಾ ಆ ಜಾತಿಯ ಔಷಧಿಗೆ ಇವತ್ತಿಗೂ ಬಗ್ಗುತ್ತದೆ. ಅಜಿತ್ರೋಮೈಸಿನ್‌ಗೆ ಎಲ್ಲ ಸಲ ಬಗ್ಗುವುದಿಲ್ಲ. ಮೂರನೇ ದಿನಕ್ಕೆ ಮಗ ಬ್ಯಾಟು ಹಿಡಿದು ಹೊರಟ. "ವಾಸಿ ಆಯ್ತಲ್ಲೋ, ಇನ್ನೂ ಯಾಕೆ ಮಗೂಗೆ ಆ ಉಷ್ಣದ ಔಷಧಿ?" ಅಂತ ಅಮ್ಮ ಶುರು ಮಾಡಿದರು. ನಾನು ಔಷಧಿ ನಿಲ್ಲಿಸಲಿಲ್ಲ. ಈ ಸೋಂಕಿಗೆ ಸರಿಯಾದ ಔಷಧಿ ಬೀಳದಿದ್ದರೆ ಕೆಲವು ಮಕ್ಕಳಿಗೆ ಎರಡು ಮೂರು ವಾರದ ಮೇಲೆ ರುಮ್ಯಾಟಿಕ್ ಜ್ವರ ಬರುತ್ತದೆ. ಬ್ಯಾಕ್ಟೀರಿಯಾದ ಮೇಲೆ ಹೋರಾಡಬೇಕಾದ ದೇಹ ತನ್ನ ಕೀಲು, ಹೃದಯದ ಮೇಲೇ ತಿರುಗಿಬೀಳುತ್ತದೆ. ಊದಿದ ಕೀಲು ಸರಿಹೋಗುತ್ತದೆ, ಹೃದಯದ ಕವಾಟಕ್ಕೆ ಬಿದ್ದ ಪೆಟ್ಟು ಕೆಲವರಲ್ಲಿ ಜೀವನಪೂರ್ತಿ ಉಳಿಯುತ್ತದೆ. ನಮ್ಮ ದೇಶದಲ್ಲಿ ಇದಿನ್ನೂ ಹೋಗಿಲ್ಲ.

ಇನ್ನೊಂದು ಮಾತು. ಬಾಯಿ ತೆರೆಯಲಾಗದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಉಸಿರಾಟ ಕಷ್ಟವಾದರೆ ಬೆಳಗಿನತನಕ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಅಮ್ಮನ ಮೆಣಸಿನ ಸಾರನ್ನೂ ಬಿಡಲಿಲ್ಲ, ನೋವಿಗೆ ಹಿತ. ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ಸಲ ಗಳಗಳ. ಮಗ ಸಿಂಕಿಗಿಂತ ಕನ್ನಡಿಗೇ ಜಾಸ್ತಿ ಉಗಿದ.