ಒಂದೇ ಹಿಟ್ಟಿನ ದೋಸೆಗಳು

ಡೊಂಬಿವಿಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ಓಡಾಡಿದ ಬೆನ್ನು ನನ್ನದು. ನಾನು ನಿವೃತ್ತನಾದ ಮರುವರ್ಷ ಅದೂ ರಾಜೀನಾಮೆ ಕೊಟ್ಟಿತು. ಸೊಂಟದ ಎಲ್4-ಎಲ್5 ಮೂಳೆಗಳ ನಡುವೆ ಡಿಸ್ಕ್ ಜಾರಿದೆ ಅಂದರು. ದೊಡ್ಡ ಡಾಕ್ಟರ ಬಾಗಿಲಲ್ಲಿ ಮೂರು ಗಂಟೆ ಕಾದೆ. ಎದುರಿನ ಗೋಡೆಯಲ್ಲಿ ಬೋರ್ಡಿತ್ತು: ಬೆನ್ನುಮೂಳೆ ಶಸ್ತ್ರಚಿಕಿತ್ಸೆ ಮತ್ತು ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರ ಹೆಸರಿನಲ್ಲಿ ಆರು ವರ್ಷಕ್ಕೆ 312 ಸಂಶೋಧನಾ ಪ್ರಬಂಧ.

ನಾನು ಅಕೌಂಟೆಂಟ್ ಆಗಿದ್ದವನು. ಸುಮ್ನೆ ಕೂರಲು ಬರುವುದಿಲ್ಲ. ಈಗಂತೂ ಕೂರಲೇ ಬರುವುದಿಲ್ಲ. ಲೆಕ್ಕ ಹಾಕಿದೆ. ವಾರಕ್ಕೊಂದು! ಗಣಪತಿ ಹಬ್ಬಕ್ಕೂ ರಜೆ ಇಲ್ಲ. ಧಾರಾವಾಹಿ ಬರೆಯುವವರೇ ನಡುವೆ ಒಂದು ಕಂತು ತಪ್ಪಿಸುತ್ತಾರೆ.

ಮಾಟುಂಗದ ಹೋಟೆಲಿನ ಶೆಟ್ಟರಿಗೆ ಅಲ್ಲಿಂದಲೇ ಫೋನಿನಲ್ಲಿ ಹೇಳಿದರೆ ಅವರಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ. "ಎಂತ ಮಾರಾಯ್ರೇ, ನಮ್ಮ ಮೆನು ನೋಡಿ. ಸಾದಾ, ಮಸಾಲೆ, ಮೈಸೂರು ಮಸಾಲೆ, ಬೆಣ್ಣೆ, ನೀರುಳ್ಳಿ ಉತ್ತಪ್ಪ. ಹಿಟ್ಟು ಒಂದೇ ಅಲ್ವಾ?"

ಹೌದಲ್ಲ! ನಲವತ್ತು ರೋಗಿಗಳ ಫೈಲು ಒಂದಿದ್ದರೆ ಸಾಕು. ನೋವಿನ ಬಗ್ಗೆ ಒಂದು ಪ್ರಬಂಧ. ರಕ್ತ ಎಷ್ಟು ಹೋಯಿತು ಅಂತ ಇನ್ನೊಂದು. ಅರವತ್ತು ದಾಟಿದವರದ್ದು ಬೇರೆ, ಸಕ್ಕರೆ ಕಾಯಿಲೆಯವರದ್ದು ಬೇರೆ. ಕೊನೆಗೆ ಈ ನಾಲ್ಕನ್ನೂ ಸಮೀಕ್ಷಿಸುವ ಐದನೆಯದು. ಅದೇ ಸೆಟ್ ದೋಸೆ.

ಎಂಜಿನಿಯರಿಂಗ್ ಕಡೆಯ ಕಾವಲಿ ಇನ್ನೂ ದೊಡ್ಡದು. ಅಲ್ಲಿ ಬೆನ್ನುಮೂಳೆ ಕಂಪ್ಯೂಟರ್ ಒಳಗಿರುತ್ತದೆ. ಮೂಳೆಗೆ ಹಾಕುವ ಟೈಟಾನಿಯಂ ಸ್ಕ್ರೂವನ್ನು ಒಂದು ಡಿಗ್ರಿ ಓರೆ ಮಾಡಿದರೆ ಹೊಸ ಪ್ರಬಂಧ. ಇಂಥ ಮಾದರಿಯ ಸೊಂಟಕ್ಕೆ ಸಾಮಾನ್ಯವಾಗಿ 400 ನ್ಯೂಟನ್ ಭಾರ ಹೇರುತ್ತಾರಂತೆ, ಅಂದರೆ ಸುಮಾರು 40 ಕೆಜಿ. ಬೆಳಿಗ್ಗೆ 8ರ ಫಾಸ್ಟ್ ಲೋಕಲ್‌ನಲ್ಲಿ ಪಕ್ಕದವನ ಮೊಣಕೈಯೇ ಅಷ್ಟು ತೂಗುತ್ತದೆ. ಠಾಣೆ ನಿಲ್ದಾಣದಲ್ಲಿ ಇಳಿಯುವವನ ಬೆನ್ನು ಎಷ್ಟು ತಿರುಚುತ್ತದೆ ಎಂದು ಯಾರಾದರೂ ಅಳೆಯಬಾರದೇ?

ಇನ್ನು ಲೇಖಕರು. ಒಂದು ಸ್ಕ್ರೂಗೆ ಒಂಬತ್ತು ಹೆಸರು. ಮೆಡಿಕಲ್ ಕಾಲೇಜಿನಲ್ಲಿ ಬಡ್ತಿಗೆ ಪ್ರಬಂಧ ಬೇಕೇಬೇಕಲ್ಲ. 2015ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಮೊದಲ ಎರಡು ಹೆಸರಿಗೆ ಮಾತ್ರ ಲೆಕ್ಕ ಎಂದಿತು. ಲೋಕಲ್‌ನ ಮೂರು ಜನರ ಬೆಂಚಿನಲ್ಲಿ ನಾಲ್ಕನೇ ಸೀಟಿಗೆ ಅರ್ಧ ಕುಂಡೆ ಊರುವ ನಮಗೆ ಆ ಸಂಕಟ ಗೊತ್ತು. 1975ರಲ್ಲಿ ಅಮೆರಿಕದ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್‌ಟನ್ ತಮ್ಮ ಬೆಕ್ಕನ್ನೇ ಸಹಲೇಖಕ ಮಾಡಿದರು. ಒಬ್ಬರೇ ಬರೆದ ಪ್ರಬಂಧದ ತುಂಬಾ 'ನಾವು' ಅಂತ ಟೈಪಾಗಿತ್ತು, ಮತ್ತೆ ಟೈಪ್ ಮಾಡಲು ಬೇಜಾರು. ಆ ಬೆಕ್ಕಾದರೂ ಬಡ್ತಿ ಕೇಳಲಿಲ್ಲ.

2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಅಳತೆ ತಂದರು. 20 ಪ್ರಬಂಧಗಳನ್ನು ತಲಾ 20 ಸಲವಾದರೂ ಬೇರೆ ಪ್ರಬಂಧಗಳು ಹೆಸರಿಸಿದ್ದರೆ ನಿಮ್ಮ ಅಂಕ 20. ನಮ್ಮವರಿಗೆ ಇದನ್ನು ಹೇಳಿಕೊಡಬೇಕೇ? ಮದುವೆ ಮನೆಯ ಮುಯ್ಯಿ ಪುಸ್ತಕ ಅದು. ನಿಮ್ಮದನ್ನು ನಾನು ಹೆಸರಿಸಿದೆ, ನನ್ನದನ್ನು ನೀವು ಮರೆಯಬೇಡಿ.

ಬೆನ್ನಿನ ಮಟ್ಟಿಗೆ ಮಾತ್ರ ಇದು ಬರೀ ನಗೆಯಲ್ಲ. ಮೂಳೆ ಬೆಸೆಯಲು ಬಳಸುವ ಬಿಎಂಪಿ-2 ಎಂಬ ಪ್ರೋಟೀನ್ ಇದೆ. ಕಂಪನಿಯ ದುಡ್ಡಿನಲ್ಲಿ ಬಂದ 13 ಪ್ರಬಂಧ, 780 ರೋಗಿಗಳು, ಅದರಿಂದ ತೊಂದರೆಯಾದವರು ಸೊನ್ನೆ. 2011ರಲ್ಲಿ 'ದಿ ಸ್ಪೈನ್ ಜರ್ನಲ್' ಎಂಬ ವೈದ್ಯಕೀಯ ಪತ್ರಿಕೆ ಲೆಕ್ಕ ಕೆದಕಿತು. ತೊಂದರೆ ಮೊದಲಿನ ಅಂದಾಜಿಗಿಂತ 10ರಿಂದ 50 ಪಟ್ಟು ಜಾಸ್ತಿ ಇರಬಹುದು ಅಂದಿತು. ಸೊನ್ನೆಯ 50 ಪಟ್ಟು ಎಷ್ಟು ಅಂತ ಅಕೌಂಟೆಂಟನ್ನು ಕೇಳಬೇಡಿ. ಆದರೆ ಪಟ್ಟಿಯಲ್ಲಿ ಎಣಿಸುವಾಗ ಹದಿಮೂರು ಹದಿಮೂರೇ.

ಕೊನೆಗೆ ನನ್ನ ಸರದಿ ಬಂತು. ಡಾಕ್ಟರು ಎಂಆರ್‌ಐ ಎತ್ತಿ ಹಿಡಿದರು. ಮುಖ ಅರಳಿತು. "ಎರಡು ನರ ಒಂದೇ ಬುಡದಿಂದ ಹೊರಟಿವೆ! ಅಪರೂಪ. ಕೇಸ್ ರಿಪೋರ್ಟ್ ಮಾಡಬಹುದು."

"ನೋವಿಗೆ ಏನು ಮಾಡೋದು ಸರ್?"

"ಫಿಸಿಯೋ ಮಾಡಿಸಿ. ಇಲ್ಲೊಂದು ಸಹಿ ಹಾಕಿ."

ಹಾಕಿದೆ. ನಾಲ್ಕು ತಿಂಗಳಿಗೆ ಅಚ್ಚಾಯಿತು, 313ನೆಯದಾಗಿ. ಎಂಟು ಲೇಖಕರು. ಶೆಟ್ಟರು ಹೋಟೆಲಿನ ಗಲ್ಲಾದಲ್ಲಿ ಕೂತು ಮೊಬೈಲಿನಲ್ಲಿ ಎರಡು ಸಲ ಹುಡುಕಿದರು. "ನಿಮ್ಮ ಹೆಸರು ಎಲ್ಲಿ ಉಂಟು?"

ಬೆನ್ನಿನ ಮಾಲೀಕನಿಗೆ ಹೆಸರಿಲ್ಲ ಶೆಟ್ರೇ. 'ಐವತ್ತೆಂಟರ ಗಂಡಸು' ಅಂತ ಒಂದು ಕಡೆ ಇದೆ, ಅದೇ ನಾನು. ನನಗೆ ಅರವತ್ತೊಂದು.